ನಿಮಗಿದು ಗೊತ್ತೆ? ಬೈಂದೂರಿನಿಂದ ಬಜ್ಪೆಗೆ ಹೋಗುವ ಹೊತ್ತು ಬಜ್ಪೆಯಿಂದ ಬೆಂಗಳೂರಿಗೆ ಬೇಡ!

ಕುಂದಾಪುರ, ಬೈಂದೂರು, ಬ್ರಹ್ಮಾವರದವರಿಗೆ ಹತ್ತಿರದ ವಿಮಾನ ನಿಲ್ದಾಣ ಬಜ್ಪೆ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಿಸಿ-3 ವಿಮಾನದಲ್ಲಿ ಬಂದಿಳಿದು ಉದ್ಘಾಟಿಸಿದ ನಿಲ್ದಾಣವಿದು.

ಇಲ್ಲಿಂದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ನೇರ ಗಗನದೂರ ಸುಮಾರು 305 ಕಿ.ಮೀ. ವೇಳಾಪಟ್ಟಿಯಲ್ಲಿ ಕಾಣುವುದು ಸುಮಾರು ಒಂದು ಗಂಟೆ. ಆದರೆ ಅಷ್ಟೂ ಹಾರಾಟವಲ್ಲ. ನಿಂತ ಜಾಗದಿಂದ ರನ್‌ವೇಗೆ ಸಾಗುವ, ಇಳಿದ ಮೇಲೆ ಮತ್ತೆ ನಿಲ್ಲುವ ಜಾಗಕ್ಕೆ ಬರುವ ಹೊತ್ತೂ ಅದರಲ್ಲಿ ಸೇರಿರುತ್ತದೆ. ಬೈಂದೂರಿನವರಿಗಾದರೋ ಬಜ್ಪೆ ಮುಟ್ಟಲು ನೂರು ಕಿ.ಮೀ.ಗೂ ಹೆಚ್ಚು ರಸ್ತೆ ಪ್ರಯಾಣ. ಎರಡು ಗಂಟೆ ಅಲ್ಲೇ ಕಳೆಯುತ್ತದೆ!

ಕುಂದಾಪುರದ ಎಷ್ಟೋ ಮನೆಗಳ ಬದುಕು ಬೆಸೆದುಕೊಂಡಿರುವ ಮುಂಬಯಿ, ವಿಮಾನಕ್ಕೆ ಸುಮಾರು 710 ಕಿ.ಮೀ., ಒಂದೂವರೆ ಗಂಟೆ. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ಮಾರ್ಗದಲ್ಲಿ ಅದು ಇಡೀ ರಾತ್ರಿಯ ಪಯಣ. ಆದರೂ ಊರ ಹತ್ತಿರವೇ ಹತ್ತಿ ಇಳಿಯುವ ಸುಖ ರೈಲಿನದೇ.

ಇನ್ನು ದುಬೈ ಸುಮಾರು 2,450 ಕಿ.ಮೀ. ದೂರ. ಹಾರಾಟ ಮೂರೂವರೆ ಗಂಟೆಯ ಆಸುಪಾಸು. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದಿರುವುದರಿಂದ, ಬೆಳಿಗ್ಗೆ ಒಂಬತ್ತಕ್ಕೆ ಬಜ್ಪೆ ಬಿಟ್ಟವರು ಅಲ್ಲಿ ಇಳಿಯುವಾಗ ಸುಮಾರು ಹನ್ನೊಂದು ಗಂಟೆ.