ತುಟ್ಟಿಯಾದ ಹಾರ್ಮೋನಿಯಂ ರೀಡುಗಳು

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಸುತ್ತಣ ಸೀಮೆಯಲ್ಲಿ ಪೌರಾಣಿಕ ನಾಟಕವು ಹಾರ್ಮೋನಿಯಂ ಮೇಷ್ಟರಿಲ್ಲದೆ ನಡೆಯದು. 1940ರಿಂದ 1971ರವರೆಗೆ ಆಕಾಶವಾಣಿಯು ಈ ವಾದ್ಯವನ್ನು ದೂರವಿಟ್ಟಿದ್ದರೂ ನಮ್ಮ ನಾಟಕದವರು ಅದನ್ನು ಬಿಡಲಿಲ್ಲ. ಆದರೆ ಪೆಟ್ಟಿಗೆಯನ್ನು ದುರಸ್ತು ಮಾಡಿಸುವ ವೆಚ್ಚವು ಈಚೆಗೆ ಏರುತ್ತಲೇ ಇದೆ. ಹಳೆಯ ಪೆಟ್ಟಿಗೆಗಳಲ್ಲಿ ಜರ್ಮನಿಯಿಂದಲೂ ಪ್ಯಾರಿಸಿನಿಂದಲೂ ಬಂದ ರೀಡುಗಳಿದ್ದುವು. ಅವು ಹೊಸದಾಗಿ ದೊರೆಯದಿರುವುದರಿಂದ ಬಿಚ್ಚಿದ ಹಳೆಯವಕ್ಕೇ ಬೇಡಿಕೆ. ಗುಜರಾತಿನ ಪಾಲಿತಾಣಾದ ಕುಶಲಿಗಳು ಇಂದು ಹಿತ್ತಾಳೆಯಲ್ಲಿ ರೀಡು ಮಾಡುತ್ತಾರೆ. ತಾಮ್ರದ ಬೆಲೆ ಏರಿದಂತೆಲ್ಲ ಹಿತ್ತಾಳೆಯೂ ಅದರೊಡನೆ ರೀಡೂ ತುಟ್ಟಿಯಾಗುವುವು.

ಸ್ವರ ಕೆಟ್ಟ ಮಾತ್ರಕ್ಕೆ ರೀಡು ಹಾಳಾಯಿತೆಂದು ಗೃಹಸ್ಥರು ಭಾವಿಸಬೇಕಾಗಿಲ್ಲ. ಅದರ ನಾಲಗೆಯ ಸಂದಿಯಲ್ಲಿ ಧೂಳಿನ ಕಣವೊಂದು ಸಿಕ್ಕಿದರೂ ಅದು ಮೂಕವಾಗುವುದು. ಶ್ರುತಿ ಇಳಿದಿದ್ದರೆ ಅನುಭವಸ್ಥನು ನಾಲಗೆಯ ತುದಿಯನ್ನು ಕೊಂಚ ಕೆರೆದು ಏರಿಸುವನು. ಏರಿದ್ದರೆ ಬುಡವನ್ನು ಕೆರೆದು ಇಳಿಸುವನು. ಬಿರುಕು ಬಿಟ್ಟುದನ್ನು ಮಾತ್ರ ಬದಲಿಸಲೇಬೇಕು. ಎಲ್ಲವನ್ನೂ ಕಿತ್ತು ಹೊಸದು ಹಾಕುವವನಿಗಿಂತ ಕೆರೆದು ಸರಿಪಡಿಸುವವನೇ ಮೇಲೆಂದು ನಮ್ಮ ಅಭಿಪ್ರಾಯ. ಅವನ ಕೂಲಿಯಲ್ಲಿ ಚೌಕಾಸಿ ಸಲ್ಲದು. ಪೆಟ್ಟಿಗೆಯನ್ನು ಒಪ್ಪಿಸುವಾಗಲೇ, ಬಿಚ್ಚಿದ ಹಳೆಯ ರೀಡುಗಳನ್ನು ಹಿಂದಕ್ಕೆ ಕೊಡಬೇಕೆಂದು ಹೇಳಿಡುವುದು ಲೇಸು.