ಹಳೆಯ ರೌಟರಿನಿಂದ ಹುಳು ಮನೆಗೂ ವೈಫೈ

ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ ಸುಮಾರು ಒಂದು ವಾರ ಕಾಲ ಮನೆಮಂದಿಯೆಲ್ಲ ಹಗಲಿರುಳು ಹುಳು ಮನೆಯಲ್ಲೇ ಇರಬೇಕಾಗುತ್ತದೆ. ಕೊಳ್ಳೇಗಾಲ, ರಾಮನಗರ ಮಾರುಕಟ್ಟೆಗಳ ಗೂಡಿನ ದರ ತಿಳಿಯುವುದು, ಹವಾಮಾನ ಮುನ್ಸೂಚನೆ ನೋಡುವುದು, ರೋಗ ತಗುಲಿದ ಹುಳುವಿನ ಚಿತ್ರ ಕಳಿಸಿ ವಿಸ್ತರಣಾಧಿಕಾರಿಗಳ ಸಲಹೆ ಪಡೆಯುವುದು ಈ ದಿನಗಳಲ್ಲೇ ಹೆಚ್ಚು ಅಗತ್ಯ. ಆದರೆ ಪಡಸಾಲೆಯಲ್ಲಿರುವ ರೌಟರಿನ ಅಲೆಗಳು ಹಿತ್ತಿಲ ಹುಳು ಮನೆಯನ್ನು ಮುಟ್ಟುವುದಿಲ್ಲ. ಕಲ್ಲು, ಮಣ್ಣಿನ ದಪ್ಪ ಗೋಡೆಗಳು ಅಲೆಗಳನ್ನು ಕುಗ್ಗಿಸುತ್ತವೆ. ಕಬ್ಬಿಣದ ತಗಡು ಬಹುಪಾಲು ತಡೆದೇ ಬಿಡುತ್ತದೆ.

ಇದಕ್ಕಾಗಿ ಎರಡನೇ ಸಂಪರ್ಕ ಕೊಳ್ಳಬೇಕಾಗಿಲ್ಲ. ಮನೆಯಲ್ಲಿ ಬಳಸದೆ ಬಿಟ್ಟಿರುವ ಹಳೆಯ ರೌಟರ್ ಇದ್ದರೆ ಅದನ್ನೇ ಹುಳು ಮನೆಯ ಬಳಿ ಉಪಯೋಗಿಸಬಹುದು. ಅದು ಸ್ವಂತದ್ದೋ, ಕಂಪನಿಗೆ ಹಿಂದಿರುಗಿಸಬೇಕಾದದ್ದೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ತತ್ವ

ಮೊದಲನೇ ರೌಟರನ್ನು ಕೆರೆಯ ತೂಬಿಗೆ ಹೋಲಿಸಬಹುದು. ಎರಡನೆಯದು ಉಪಕಾಲುವೆ ಮಾತ್ರ. ಅದು ನೀರನ್ನು ದೂರದ ಗದ್ದೆಗೆ ಮುಟ್ಟಿಸುತ್ತದೆಯೇ ಹೊರತು ಕೆರೆಯ ನೀರನ್ನು ಹೆಚ್ಚಿಸುವುದಿಲ್ಲ. ಆದ್ದರಿಂದ ಮೂಲ ಸಂಪರ್ಕದ ವೇಗವೇ ಕಡಿಮೆಯಿದ್ದರೆ ಈ ಕ್ರಮದಿಂದ ಪ್ರಯೋಜನವಿಲ್ಲ.

ಇನ್ನೊಂದು ಅಂಶ ಮುಖ್ಯ. ಪ್ರತಿ ಫೋನಿಗೂ ಒಂದು ಐ.ಪಿ. ವಿಳಾಸ ಹಂಚುವ ಕೆಲಸ ರೌಟರಿನದು. ಈ ಹಂಚಿಕೆಗೆ ಡಿ.ಎಚ್.ಸಿ.ಪಿ. ಎನ್ನುತ್ತಾರೆ. ಒಂದು ಕೆರೆಗೆ ಇಬ್ಬರು ನೀರುಗಂಟಿಗಳು ತಮ್ಮ ತಮ್ಮ ಇಷ್ಟದಂತೆ ಸರದಿ ಕೊಟ್ಟರೆ ಜಗಳವಾಗುವಂತೆ, ಎರಡು ರೌಟರುಗಳೂ ವಿಳಾಸ ಹಂಚಿದರೆ ಫೋನುಗಳಿಗೆ ಸಂಪರ್ಕ ಕಡಿದುಹೋಗುತ್ತದೆ. ಎರಡನೆಯದರಲ್ಲಿ ಈ ಹಂಚಿಕೆಯನ್ನು ನಿಲ್ಲಿಸುವುದೇ ಇಡೀ ಕೆಲಸದ ಮರ್ಮ.

ತಂತಿ ಎಳೆಯುವುದು

ಶಾಗ್ಯದಲ್ಲಿ ಒಬ್ಬ ಬೆಳೆಗಾರರ ಮನೆಯಿಂದ 120 ಅಡಿ ದೂರದಲ್ಲಿ ಹುಳು ಮನೆ ಇದೆ ಎಂದಿಟ್ಟುಕೊಳ್ಳೋಣ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲನ್ನು 100 ಮೀಟರ್, ಅಂದರೆ ಸುಮಾರು 328 ಅಡಿಯವರೆಗೆ ಎಳೆಯಬಹುದು. ಅಪ್ಪಟ ತಾಮ್ರದ, ಬಿಸಿಲು ತಾಳುವ ಹೊರಾಂಗಣ ಕೇಬಲನ್ನೇ ಆರಿಸಬೇಕು. ಇಲಿ, ಹೆಗ್ಗಣಗಳು ಕಡಿಯದಂತೆ ಪಿ.ವಿ.ಸಿ. ಕೊಳವೆಯಲ್ಲಿ ಹಾಯಿಸಬೇಕು. ಪಂಪ್‌ಸೆಟ್ಟಿನ ಅಥವಾ ಮನೆಯ ವಿದ್ಯುತ್ ತಂತಿ ಇರುವ ಕೊಳವೆಯಲ್ಲಿ ಇದನ್ನು ಎಂದಿಗೂ ಸೇರಿಸಬಾರದು.

ತಾಮ್ರದ ತಂತಿ ಸಿಡಿಲಿನ ಆಘಾತವನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಒಯ್ಯಬಲ್ಲದು. ಎರಡು ಕಟ್ಟಡಗಳಿಗೂ ಬೇರೆ ಬೇರೆ ಮೀಟರು, ಅರ್ಥಿಂಗ್ ಇದ್ದರೆ, ಅಥವಾ ದೂರ ಹೆಚ್ಚಾಗಿದ್ದರೆ, ಫೈಬರ್ ಎಳೆಸಿ ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಹಾಕಿಸುವುದು ಕ್ಷೇಮ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ರೌಟರ್ ಸಿದ್ಧಪಡಿಸುವ ಕ್ರಮ

1. ಎರಡನೇ ರೌಟರಿಗೆ ಅದರದೇ ಅಡಾಪ್ಟರಿನಿಂದ ವಿದ್ಯುತ್ ಕೊಟ್ಟು, ರೀಸೆಟ್ ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿ ಹಿಡಿಯಬೇಕು. ಹಳೆಯ ಸೆಟ್ಟಿಂಗುಗಳು ಅಳಿಸಿಹೋಗುತ್ತವೆ. ಈ ಹಂತದಲ್ಲಿ ಮೊದಲನೇ ರೌಟರಿಗೆ ಜೋಡಿಸಬಾರದು.

2. ಫೋನಿನ ಮೊಬೈಲ್ ಡೇಟಾ ನಿಲ್ಲಿಸಿ, ಎರಡನೇ ರೌಟರಿನ ವೈಫೈಗೆ ಸೇರಿಕೊಳ್ಳಬೇಕು. ರೌಟರಿನ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿನ ವಿಳಾಸವನ್ನು (ಸಾಮಾನ್ಯವಾಗಿ 192.168.0.1 ಅಥವಾ 192.168.1.1) ಬ್ರೌಸರಿನಲ್ಲಿ ತೆರೆಯಬೇಕು.

3. ‘ಆಕ್ಸೆಸ್ ಪಾಯಿಂಟ್’ ಎಂಬ ಆಯ್ಕೆ ಇದ್ದರೆ ಅದನ್ನೇ ಆರಿಸಿ, ಹೆಸರು, ಪಾಸ್‌ವರ್ಡ್ ಕೊಟ್ಟು, ಆ ರೌಟರಿನ ಕೈಪಿಡಿಯಲ್ಲಿ ಹೇಳಿರುವ ರಂಧ್ರಕ್ಕೆ ಕೇಬಲ್ ಹಾಕಿದರೆ ಸಾಕು. ಇಲ್ಲದಿದ್ದರೆ ಮುಂದಿನ ಕ್ರಮ ಅನುಸರಿಸಬೇಕು.

4. ವೈಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರನ್ನೂ ಮೊದಲನೇ ರೌಟರಿನಲ್ಲಿರುವಂತೆಯೇ ಇಟ್ಟರೆ ಫೋನು ಎಲ್ಲಿದ್ದರೂ ತಾನೇ ಸೇರಿಕೊಳ್ಳುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಮಾತ್ರ ಬೇರೆಯಿರಲಿ: ಒಂದಕ್ಕೆ 1 ಇದ್ದರೆ ಇನ್ನೊಂದಕ್ಕೆ 6 ಅಥವಾ 11.

5. ಮೊದಲನೇ ರೌಟರಿನ ವಿಳಾಸ 192.168.1.1 ಆಗಿದ್ದು, ಅದು 2ರಿಂದ 200ರವರೆಗಿನ ಸಂಖ್ಯೆಗಳನ್ನು ಹಂಚುತ್ತಿದ್ದರೆ, ಎರಡನೆಯದರ ಲ್ಯಾನ್ ವಿಳಾಸವನ್ನು 192.168.1.250 ಎಂದು ಬದಲಿಸಬೇಕು. ಹಂಚಿಕೆ 254ರವರೆಗೂ ಇದ್ದರೆ ಮೊದಲನೆಯದರಲ್ಲಿ ಅದನ್ನು 200ಕ್ಕೆ ಮೊಟಕುಗೊಳಿಸಬೇಕು.

6. ಹೊಸ ವಿಳಾಸದಲ್ಲಿ ಮತ್ತೆ ಒಳಹೋಗಿ ಡಿ.ಎಚ್.ಸಿ.ಪಿ. ನಿಲ್ಲಿಸಿ ಉಳಿಸಬೇಕು.

7. ಈಗ ಮೊದಲನೆಯದರ ಲ್ಯಾನ್ ರಂಧ್ರದಿಂದ ಎರಡನೆಯದರ ಲ್ಯಾನ್ ರಂಧ್ರಕ್ಕೆ ಕೇಬಲ್ ಜೋಡಿಸಬೇಕು. ವ್ಯಾನ್ ಎಂದು ಬರೆದಿರುವ ರಂಧ್ರವನ್ನು ಖಾಲಿ ಬಿಡಬೇಕು.

ಕೆಲಸ ಮಾಡದಿದ್ದರೆ

ವೈಫೈ ಸೇರಿದರೂ ಅಂತರ್ಜಾಲ ಬಾರದಿದ್ದರೆ, ಕೇಬಲ್ ಜೋಡಿಸಿದ ರಂಧ್ರದ ದೀಪ ಉರಿಯುತ್ತಿದೆಯೇ ನೋಡಬೇಕು. ಉರಿಯದಿದ್ದರೆ ತುದಿಯ ಕ್ಲಿಪ್ಪು ಸರಿಯಾಗಿ ಒತ್ತಿಲ್ಲ, ಇಲ್ಲವೇ ಎಂಟು ಎಳೆಗಳ ಬಣ್ಣದ ಕ್ರಮ ಎರಡು ತುದಿಯಲ್ಲೂ ಒಂದೇ ಆಗಿಲ್ಲ. ದೀಪ ಉರಿದರೂ ಸಂಪರ್ಕ ಬಂದು ಹೋಗುತ್ತಿದ್ದರೆ ಡಿ.ಎಚ್.ಸಿ.ಪಿ. ನಿಂತಿಲ್ಲವೆಂದೇ ಸಂಶಯಿಸಬೇಕು.

ಎಚ್ಚರಿಕೆ

ರೌಟರನ್ನು ಹುಳು ಸಾಕುವ ಕೋಣೆಯೊಳಗೆ ಇಡಬಾರದು. ಅಲ್ಲಿನ ತೇವಾಂಶವೂ, ಸೋಂಕು ನಿವಾರಣೆಗೆ ಸಿಂಪಡಿಸುವ ಬ್ಲೀಚಿಂಗ್ ಪುಡಿ, ಕ್ಲೋರಿನ್ ಡೈಆಕ್ಸೈಡ್ ದ್ರಾವಣವೂ ಲೋಹದ ಭಾಗಗಳನ್ನು ತಿನ್ನುತ್ತವೆ. ಕಿಟಕಿಯ ಬಳಿ, ಮಳೆ ಬೀಳದ ಜಗುಲಿಯಲ್ಲಿ, ಆಳೆತ್ತರದಲ್ಲಿ ಇಡುವುದು ಸೂಕ್ತ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮೋಡ ಕವಿಯುತ್ತಿದ್ದಂತೆಯೇ ಎರಡೂ ಕಡೆ ಪ್ಲಗ್ ಮತ್ತು ಕೇಬಲ್ ಕಿತ್ತಿಡಬೇಕು. ಗುಡುಗು ಕೇಳಿದ ಮೇಲೆ ತಂತಿ ಮುಟ್ಟಬಾರದು.

ರೌಟರಿನ ಸೆಟ್ಟಿಂಗಿನ ಪಾಸ್‌ವರ್ಡನ್ನೂ ಬದಲಿಸಿ ಪುಸ್ತಕದಲ್ಲಿ ಬರೆದಿಡಬೇಕು. ಬ್ಯಾಂಕು, ಪಿಎಂ ಕಿಸಾನ್ ಮುಂತಾದ ವ್ಯವಹಾರಗಳು ಈ ಸಂಪರ್ಕದಲ್ಲೇ ನಡೆಯುವುದರಿಂದ ವೈಫೈ ಪಾಸ್‌ವರ್ಡನ್ನು ಕಂಡಕಂಡವರಿಗೆ ಹೇಳಬಾರದು.

ಒಂದು ಬೆಳೆ ಚಂದ್ರಿಕೆಗೇರಿ ಮುಂದಿನ ಚಾಕಿ ಬರುವ ನಡುವಿನ ಬಿಡುವಿನಲ್ಲಿ ಈ ಕೆಲಸ ಮುಗಿಸಿಕೊಂಡರೆ, ಸಂಪರ್ಕ ತೀರ ಅಗತ್ಯವಾಗುವ ದಿನಗಳಲ್ಲಿ ಪರದಾಡಬೇಕಾಗುವುದಿಲ್ಲ.