ಮರದ ಅಡುಗೆಕಟ್ಟೆಯ ಕಲೆ: ಉಜ್ಜುವ ಮುಂಚೆ ತಿಳಿಯೋಣ



ಒಂದು ವಾರದ ಸಭೆಯಲ್ಲಿ ಉಳಿತಾಯದ ಹಣ ಕಟ್ಟುವಾಗ ನಮ್ಮ ಸದಸ್ಯೆಯೊಬ್ಬರು ಸುಮ್ಮನೆ ಕೂತಿದ್ದರು. ಕೇಳಿದಾಗ ವಿಷಯ ಹೊರಗೆ ಬಂತು. ಅವರು ಜೆ.ಪಿ. ನಗರದ ಒಂದು ಫ್ಲ್ಯಾಟಿನಲ್ಲಿ ಮನೆಗೆಲಸ ಮಾಡುತ್ತಾರೆ. ಆ ಮನೆಯ ಅಡುಗೆಕಟ್ಟೆ ಕಲ್ಲಿನದಲ್ಲ, ಮರದ್ದು. ರಾತ್ರಿ ಯಾರೋ ತೊಳೆದ ಕಬ್ಬಿಣದ ತವಾ ಅದರ ಮೇಲೆ ಇಟ್ಟಿದ್ದಾರೆ. ಬೆಳಿಗ್ಗೆ ನೋಡಿದರೆ ಕಪ್ಪನೆಯ ಬಳೆಯಂಥ ಗುರುತು. ಇವರು ಒಳ್ಳೆಯ ಮನಸ್ಸಿನಿಂದಲೇ ಸ್ಟೀಲ್ ಸ್ಕ್ರಬ್ಬರ್ ಹಿಡಿದು ಉಜ್ಜಿದರು. ಹೋಗಲಿಲ್ಲ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದರು. ಕಪ್ಪು ಅಲ್ಲೇ ಉಳಿಯಿತು, ಸುತ್ತ ಮಾತ್ರ ಬೆಳ್ಳಗೆ, ತರಿತರಿಯಾಯಿತು. ತಿಂಗಳ ಕೊನೆಗೆ ಸಂಬಳದಲ್ಲಿ ದುಡ್ಡು ಹಿಡಿದರು. "ಕಲೆ ನಾನು ಮಾಡಿದ್ದಲ್ಲಕ್ಕಾ, ಆದ್ರೆ ಕೆಡಿಸಿದ್ದು ನಾನೇ ಅಂತಾರೆ" ಎಂದು ಅವರು ಕಣ್ಣೀರು ಹಾಕಿದರು.

ಅವತ್ತೇ ಈ ವಿಷಯ ಬರೆಯಬೇಕು ಎಂದುಕೊಂಡೆವು. ನಮ್ಮಲ್ಲಿ ಅನೇಕರು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಮನೆಗಳಲ್ಲಿ ಕೆಲಸ ಮಾಡುವವರು. ಹಳೆಯ ಮನೆಗಳಲ್ಲಿ ಕಡಪ ಕಲ್ಲಿನ ಕಟ್ಟೆ, ಆಮೇಲೆ ಬಂದವುಗಳಲ್ಲಿ ಗ್ರಾನೈಟ್ ಕಟ್ಟೆ. ಈ ಎರಡನ್ನೂ ನೀರು ಸುರಿದು ಬಳಿದರೆ ಮುಗಿಯಿತು. ಈಗ ಕೆಲವು ಹೊಸ ಅಡುಗೆಮನೆಗಳಲ್ಲಿ ತೇಗದ ಅಥವಾ ರಬ್ಬರ್ ಮರದ ಕಟ್ಟೆ ಬಂದಿದೆ. ಕಲ್ಲಿಗೆ ಮಾಡಿದ ಉಪಚಾರವನ್ನೇ ಮರಕ್ಕೆ ಮಾಡಿದರೆ ಕೆಡುತ್ತದೆ.

ಮರ ಯಾಕೆ ಬೇರೆ?

ಮರದ ಒಳಗೆ ಸಣ್ಣ ಸಣ್ಣ ಕೊಳವೆಗಳಿವೆ. ಮರ ಜೀವಂತ ಇದ್ದಾಗ ಬೇರಿನಿಂದ ನೀರು ಮೇಲೇರಿದ್ದು ಇವುಗಳಲ್ಲೇ. ಮರ ಕಡಿದು ಹಲಗೆ ಮಾಡಿದರೂ ಈ ಕೊಳವೆಗಳು ಇರುತ್ತವೆ. ಬಿದ್ದ ನೀರು, ಎಣ್ಣೆ, ಸಾರು ಅದರೊಳಗೆ ಇಳಿಯುತ್ತದೆ. ಅದನ್ನು ತಡೆಯಲಿಕ್ಕೇ ಮೇಲೆ ಪಾಲಿಶ್, ವಾರ್ನಿಶ್ ಅಥವಾ ಎಣ್ಣೆ ಹಚ್ಚಿರುತ್ತಾರೆ. ನಾವು ಒರಟಾಗಿ ಉಜ್ಜಿದಾಗ ಮೊದಲು ಹೋಗುವುದು ಈ ಹೊದಿಕೆ. ಹೊದಿಕೆ ಹೋದ ಮೇಲೆ ಮುಂದಿನ ಕಲೆ ಇನ್ನೂ ಆಳಕ್ಕೆ ಇಳಿಯುತ್ತದೆ.

ಕೈ ಹಾಕುವ ಮುಂಚೆ ಮೂರು ಕೆಲಸ

1. ನಿಜವಾಗಿ ಮರವೇ ಎಂದು ನೋಡಿ. ಕಟ್ಟೆಯ ಅಂಚು ಮತ್ತು ಅಡಿಭಾಗ ಗಮನಿಸಿ. ಮೇಲಿನ ಗೆರೆಗಳು ಅಂಚಿನಲ್ಲೂ ಮುಂದುವರಿದರೆ ಮರ. ತೆಳ್ಳನೆಯ ಹಾಳೆ ಅಂಟಿಸಿದ ಹಾಗಿದ್ದರೆ ಅದು ಮೈಕಾ. ಮೈಕಾಗೆ ಒದ್ದೆ ಬಟ್ಟೆ ಮತ್ತು ಸ್ವಲ್ಪ ಸೋಪು ಸಾಕು.

2. ಒಂದು ಹನಿ ನೀರು ಹಾಕಿ ಐದು ನಿಮಿಷ ಬಿಡಿ. ಹನಿ ಮುತ್ತಿನ ಹಾಗೆ ನಿಂತರೆ ಮೇಲಿನ ಹೊದಿಕೆ ಗಟ್ಟಿಯಿದೆ. ಹನಿ ಹೀರಿಕೊಂಡು ಜಾಗ ಗಾಢವಾದರೆ ಹೊದಿಕೆ ಸವೆದಿದೆ, ಅಥವಾ ಬರಿಯ ಎಣ್ಣೆ ಹಚ್ಚಿದ ಮರ. ನೋಡಿದ ಕೂಡಲೇ ಒರೆಸಿಬಿಡಿ.

3. ಯಾವ ಉಪಾಯವನ್ನೇ ಆಗಲಿ, ಕಾಣದ ಮೂಲೆಯಲ್ಲಿ ಮೊದಲು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾಡಿ ನೋಡಿ. ಒಣಗಿದ ಮೇಲೆ ಬಣ್ಣ ಬದಲಾಗದಿದ್ದರೆ ಮುಂದುವರಿಯಿರಿ.

ಯಾವ ಕಲೆಗೆ ಯಾವ ಉಪಾಯ?

ಅರಿಶಿನ: ಅರಿಶಿನದ ಬಣ್ಣ ನೀರಿನಲ್ಲಿ ಕರಗುವುದು ಕಡಿಮೆ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಆದ್ದರಿಂದ ಬಟ್ಟೆಗೆ ಎರಡು ಹನಿ ಅಡುಗೆ ಎಣ್ಣೆ ಹಾಕಿ ಮೃದುವಾಗಿ ಒರೆಸಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರೆಸಿದ ನೀರಿನಲ್ಲಿ ಬಟ್ಟೆ ಹಿಂಡಿ ಒರೆಸಿ, ಒಣ ಬಟ್ಟೆಯಲ್ಲಿ ಒತ್ತಿ. ಉಳಿದ ಹಳದಿಯನ್ನು ಬಿಸಿಲಿಗೆ ಬಿಡಿ. ಕಿಟಕಿಯ ಬಿಸಿಲು ಬೀಳುವ ಕಡೆ ಕೆಲವು ದಿನದಲ್ಲಿ ತಾನೇ ಮಾಸುತ್ತದೆ. ಸೋಪಿನ ಬಿಲ್ಲೆ, ವಾಷಿಂಗ್ ಸೋಡಾ ಹಾಕಬೇಡಿ, ಅರಿಶಿನ ಕೆಂಪಾಗುತ್ತದೆ. ಆರತಿ ತಟ್ಟೆಯ ಅರಿಶಿನ ನೀರಿಗೆ ಸುಣ್ಣ ಹಾಕಿದರೆ ಕೆಂಪಗಾಗುವುದೂ ಇದೇ ಕಾರಣಕ್ಕೆ. ಹಾಗೆ ಕೆಂಪಾದರೆ ಹೆದರಬೇಡಿ. ನಿಂಬೆರಸ ತಾಗಿಸಿದರೆ ಹಳದಿಗೆ ತಿರುಗುತ್ತದೆ.

ಕಪ್ಪು ಬಳೆ: ಕಬ್ಬಿಣದ ತವಾ, ಬಾಣಲೆ, ಡಬ್ಬಿಯ ಕೆಳಗೆ ಬರುವುದು ಇದು. ಮರದಲ್ಲಿ ಒಗರು ಇದೆ. ಒಗರು, ಕಬ್ಬಿಣ, ನೀರು ಮೂರೂ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದಿನವರು ಅಳಲೆಕಾಯಿ ಮತ್ತು ಕಬ್ಬಿಣದಿಂದ ಶಾಯಿ ಮಾಡುತ್ತಿದ್ದದ್ದು ಹೀಗೆಯೇ. ಅಂದರೆ ಅದು ಕೊಳೆಯಲ್ಲ, ಮರದೊಳಗೇ ತಯಾರಾದ ಶಾಯಿ. ಅದಕ್ಕೇ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹೊಸ ಗುರುತಾದರೆ ಅರ್ಧ ನಿಂಬೆಹಣ್ಣು ಸವರಿ ಹತ್ತು ನಿಮಿಷ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಎರಡು ಮೂರು ಸಲ ಮಾಡಬಹುದು. ಹಳೆಯದಕ್ಕೆ ಆಕ್ಸಾಲಿಕ್ ಆಸಿಡ್ ಬೇಕು. ಅದು ವಿಷ. ಆ ಕೆಲಸ ಗೊತ್ತಿರುವ ಬಡಗಿಗೆ ಬಿಡಿ.

ಬಿಳಿ ಮಂಜಿನಂಥ ಗುರುತು: ಬಿಸಿ ಪಾತ್ರೆ ಇಟ್ಟಾಗ ಹಬೆಯ ತೇವ ಪಾಲಿಶ್‌ನೊಳಗೆ ಸಿಕ್ಕಿಕೊಂಡಿರುತ್ತದೆ, ಮರ ಕೆಟ್ಟಿರುವುದಿಲ್ಲ. ಎರಡು ಮೂರು ದಿನ ಒಣಗಲು ಬಿಡಿ. ಹೋಗದಿದ್ದರೆ, ಮನೆಯವರ ಒಪ್ಪಿಗೆ ಪಡೆದು, ಹತ್ತಿ ಬಟ್ಟೆ ಎರಡು ಮಡಿಕೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ತೀರಾ ಕಡಿಮೆ ಬಿಸಿಯಲ್ಲಿ ಕೆಲವೇ ಸೆಕೆಂಡು ಆಡಿಸಿ, ತೆಗೆದು ನೋಡಿ. ನೀರು ಚಿಮುಕಿಸಬೇಡಿ, ಇಸ್ತ್ರಿಯನ್ನು ಒಂದೇ ಕಡೆ ನಿಲ್ಲಿಸಬೇಡಿ.

ಎಣ್ಣೆ, ತುಪ್ಪ: ಬಿದ್ದ ಕೂಡಲೇ ಕಾಗದದಿಂದ ಒತ್ತಿ ಹೀರಿಸಿ. ಮೇಲೆ ಮೈದಾ ಹಿಟ್ಟು ದಪ್ಪಗೆ ಉದುರಿಸಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಗುಡಿಸಿ ಒರೆಸಿ.

ಕಾಫಿ, ಟೀ, ಬೀಟ್‌ರೂಟ್: ಪುಡಿ ಉಪ್ಪು ಉದುರಿಸಿ, ನಿಂಬೆ ಹೋಳಿನಿಂದ ಮರದ ಗೆರೆಯ ದಿಕ್ಕಿನಲ್ಲೇ ಸವರಿ. ಅಡ್ಡಡ್ಡ ಉಜ್ಜಿದರೆ ಗೀರು ಕಾಣುತ್ತದೆ. ಹೋಗದಿದ್ದರೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಿ, ಐದು ನಿಮಿಷದಲ್ಲಿ ಒರೆಸಿ. ತೇಗದಂಥ ಮರ ಸೋಡಾಕ್ಕೆ ಕಪ್ಪಾಗಬಹುದು, ಮೂಲೆಯಲ್ಲಿ ನೋಡಿಯೇ ಹಾಕಿ.

ಸಿಂಕಿನ ಪಕ್ಕದ ಕಪ್ಪು ಚುಕ್ಕೆ: ಇದು ಬೂಷ್ಟು. ಮಳೆಗಾಲದಲ್ಲಿ ಜಾಸ್ತಿ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ, ಪೂರ್ತಿ ಒಣಗಿಸಿ. ನಲ್ಲಿ ಸೋರುತ್ತಿದ್ದರೆ ಅದನ್ನು ರಿಪೇರಿ ಮಾಡಿಸದೆ ಬೂಷ್ಟು ಹೋಗುವುದಿಲ್ಲ.

ಸುಟ್ಟ ಗುರುತು: ಇದು ಕಲೆಯಲ್ಲ, ಮರವೇ ಕರಿದಿದೆ. ಉಪ್ಪುಕಾಗದದಿಂದ ತಿಕ್ಕಿ ಮತ್ತೆ ಪಾಲಿಶ್ ಮಾಡಬೇಕು. ಬಡಗಿಯ ಕೆಲಸ, ನಮ್ಮದಲ್ಲ.

ಇವನ್ನು ಮಾಡಲೇಬೇಡಿ

* ಸ್ಟೀಲ್ ಸ್ಕ್ರಬ್ಬರ್, ಕಬ್ಬಿಣದ ನಾರು ಬೇಡ. ಗೀರು ಬೀಳುತ್ತದೆ. ಕಬ್ಬಿಣದ ಚೂರು ಮರದಲ್ಲಿ ಉಳಿದರೆ ಮತ್ತೆ ಕಪ್ಪು ಚುಕ್ಕೆ ಏಳುತ್ತದೆ.
* ನೀರು ಸುರಿಯಬೇಡಿ, ಒದ್ದೆ ಬಟ್ಟೆ ಕಟ್ಟೆಯ ಮೇಲೆ ಬಿಡಬೇಡಿ. ಮರ ಉಬ್ಬಿ ಸೀಳುತ್ತದೆ.
* ಬ್ಲೀಚಿಂಗ್ ಪುಡಿ, ಟಾಯ್ಲೆಟ್ ಆಸಿಡ್ ಮರದ ಹತ್ತಿರ ತರಬೇಡಿ.
* ಬಹಳ ಮುಖ್ಯ: ಬ್ಲೀಚಿಂಗ್ ಜೊತೆ ಆಸಿಡ್, ವಿನೆಗರ್, ನಿಂಬೆರಸ ಯಾವುದನ್ನೂ ಸೇರಿಸಬೇಡಿ. ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ. ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ಉಸಿರು ಕಟ್ಟುತ್ತದೆ, ಜೀವಕ್ಕೇ ಅಪಾಯ. ಕಣ್ಣು ಉರಿ, ಕೆಮ್ಮು ಬಂದರೆ ಎಲ್ಲ ಬಿಟ್ಟು ಮೊದಲು ಹೊರಗೆ ಗಾಳಿಗೆ ಬನ್ನಿ. ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕಟ್ಟೆ ಹೋದರೆ ಇನ್ನೊಂದು ಬರುತ್ತದೆ, ನೀವು ಹೋದರೆ ನಿಮ್ಮ ಮಕ್ಕಳಿಗೆ ಇನ್ನೊಬ್ಬ ತಾಯಿ ಎಲ್ಲಿಂದ ಬರಬೇಕು?

ಕಲೆ ಹೋದ ಮೇಲೆ ಎಣ್ಣೆ

ಎಣ್ಣೆ ಹಚ್ಚಿದ ಮರವಾದರೆ ಒಣಗಿದ ಮೇಲೆ ಮತ್ತೆ ಎಣ್ಣೆ ಹಚ್ಚಬೇಕು. ಅಡುಗೆ ಪಾತ್ರೆಗಳಿಗೆ ಯೋಗ್ಯವಾದ ಮಿನರಲ್ ಆಯಿಲ್ ತರಲು ಮನೆಯವರಿಗೆ ಹೇಳಿ. ತೆಳ್ಳಗೆ ಹಚ್ಚಿ, ರಾತ್ರಿ ಬಿಟ್ಟು, ಬೆಳಿಗ್ಗೆ ಹೆಚ್ಚಾದದ್ದನ್ನು ಒರೆಸಿ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಹಚ್ಚಿ ಬಿಟ್ಟರೆ ದಿನ ಕಳೆದಂತೆ ಕಮಟು ವಾಸನೆ, ಅಂಟು. ಅರಿಶಿನ ತೆಗೆಯಲು ಬಳಸಿದ ಎಣ್ಣೆಯನ್ನೂ ಪೂರ್ತಿ ಒರೆಸಬೇಕು ಅನ್ನುವುದು ಇದಕ್ಕೇ. ಹಾರ್ಡ್‌ವೇರ್ ಅಂಗಡಿಯ ಪೇಂಟಿಗೆ ಬೆರೆಸುವ ಅಗಸೆ ಎಣ್ಣೆ ಆಹಾರ ತಾಗುವ ಜಾಗಕ್ಕೆ ಬೇಡ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದರೆ ತಾನಾಗಿ ಬೆಂಕಿ ಹತ್ತುವುದೂ ಉಂಟು. ಹೊರಗೆ ಬಿಡಿಸಿ ಹರಡಿ ಒಣಗಿಸಿ.

ನಮ್ಮ ಮನೆಯಲ್ಲೂ ಚಪಾತಿ ಮಣೆ, ಲಟ್ಟಣಿಗೆ, ಈಳಿಗೆಮಣೆ ಇದೆಯಲ್ಲ? ಅವನ್ನು ನೀರಿನಲ್ಲಿ ನೆನೆಹಾಕಬೇಡಿ. ತೊಳೆದ ತಕ್ಷಣ ಒರೆಸಿ, ಗೋಡೆಗೆ ಒರಗಿಸಿ ನಿಲ್ಲಿಸಿ.

ಮಾತು ಮೊದಲು, ಕೆಲಸ ಆಮೇಲೆ

ಉಪಾಯ ಎಷ್ಟೇ ಗೊತ್ತಿದ್ದರೂ ಕಲೆಯ ಹೊಣೆ ನಮ್ಮ ತಲೆಗೆ ಬರಬಾರದಲ್ಲ? ಹೊಸ ಮನೆಗೆ ಸೇರಿದ ದಿನವೇ ಕಟ್ಟೆಯನ್ನು ಮನೆಯವರ ಜೊತೆ ನಿಂತು ನೋಡಿ. "ಅಮ್ಮಾ, ಇಲ್ಲಿ ಮೊದ್ಲಿಂದಾನೇ ಗುರುತಿದೆ ನೋಡಿ" ಎಂದು ತೋರಿಸಿ. ಸಾಧ್ಯವಾದರೆ ಫೋನಿನಲ್ಲಿ ಒಂದು ಫೋಟೋ ಹಿಡಿಯಲು ಅವರಿಗೇ ಹೇಳಿ. ಹೊಸ ಕಲೆ ಕಂಡ ದಿನವೇ ತಿಳಿಸಿ. ಏನು ಹಾಕಿ ಒರೆಸಲಿ ಎಂದು ಕೇಳಿ, ಅವರು ಒಪ್ಪಿದ ಮೇಲೆ ಮಾಡಿ. ನಮ್ಮ ಕೈಯಿಂದಲೇ ತಪ್ಪಾಗಿದ್ದರೆ ಮುಚ್ಚಿಡದೆ ಹೇಳುವುದೇ ಸರಿ.

ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ನಮ್ಮ ಕರ್ನಾಟಕ ಸರ್ಕಾರ 2004ರಲ್ಲೇ ಗೊತ್ತುಪಡಿಸಿತು. ಅಂದರೆ ನಮ್ಮದು ಲೆಕ್ಕಕ್ಕೆ ಬರುವ ಕೆಲಸ, ಯಾರೋ ದಯೆಯಿಂದ ಕೊಟ್ಟದ್ದಲ್ಲ. ಕೇಳದೆ ಸಂಬಳ ಹಿಡಿದರೆ ಒಬ್ಬರೇ ಅಳುತ್ತಾ ಕೂರಬೇಡಿ. ಸಂಘದಲ್ಲಿ ಹೇಳಿ. ನಮ್ಮ ಆ ಸದಸ್ಯೆಯ ಜೊತೆ ಇಬ್ಬರು ಹೋಗಿ, ಕಬ್ಬಿಣ ಮತ್ತು ಒಗರಿನ ವಿಷಯವನ್ನು ಸಮಾಧಾನವಾಗಿ ವಿವರಿಸಿದರು. ಮನೆಯೊಡತಿ ಕೇಳಿಸಿಕೊಂಡರು. ಹಿಡಿದ ದುಡ್ಡಿನಲ್ಲಿ ಅರ್ಧ ವಾಪಸು ಬಂತು, ಕೆಲಸವೂ ಉಳಿಯಿತು. ತವಾ ಇಡಲು ಈಗ ಅಲ್ಲಿ ಒಂದು ಕಲ್ಲಿನ ಬಿಲ್ಲೆ ಇದೆಯಂತೆ.

ಮುಂದಿನ ಸಭೆಗೆ ಕಲೆಯಾದ ಒಂದು ಹಳೆಯ ಮಣೆ, ಒಂದು ನಿಂಬೆಹಣ್ಣು, ಒಂದು ಹಿಡಿ ಪುಡಿ ಉಪ್ಪು ತನ್ನಿ. ಎಲ್ಲರೂ ಕೂತು ಮಾಡಿ ನೋಡೋಣ. ಓದಲು ಬಾರದ ಸಹೋದರಿಗೆ ಇದನ್ನು ಓದಿ ಹೇಳುವುದನ್ನು ಮರೆಯಬೇಡಿ.